ವಯಸ್ಸಾದಂತೆ ರೋಗನಿರೋಧಕ ಶಕ್ತಿ ಅಳೆಯಲು ಸಿಬಿಸಿ (ರಕ್ತಕಣಗಳ ಸಾಮಾನ್ಯ ಎಣಿಕೆ) ಸಾಕಾ?

ಪ್ರಶ್ನೆ: 60 ದಾಟಿದ, ಆರೋಗ್ಯವಾಗಿರುವವರನ್ನು ವರ್ಷಕ್ಕೊಮ್ಮೆ ಹೋಲಿಸಿ ನೋಡಬೇಕೆಂದರೆ ಏನೇನು ಅಳೆಯಬೇಕು?

ಉತ್ತರ 1: ಸಿಬಿಸಿ ಸಾಲದು. ಒಟ್ಟು ಲಿಂಫೋಸೈಟ್ (ರೋಗದ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣ) ನಾರ್ಮಲ್ ಇದ್ದರೂ ಅದರೊಳಗಿನ ಬಗೆಗಳ ಪಾಲು ಬದಲಾಗಿರಬಹುದು. ಫ್ಲೋ ಸೈಟೋಮೆಟ್ರಿಯಲ್ಲಿ (ಕೋಶಗಳನ್ನು ಅವುಗಳ ಮೇಲಿನ ಗುರುತಿನ ಪ್ರೋಟೀನ್ ನೋಡಿ ಎಣಿಸುವ ಪರೀಕ್ಷೆ) ಸಿಡಿ4-ಸಿಡಿ8 ಅನುಪಾತ (ಟಿ ಕೋಶ ಎಂಬ ಲಿಂಫೋಸೈಟ್‌ಗಳ ಎರಡು ಮುಖ್ಯ ಬಗೆಗಳ ಅನುಪಾತ), ನೈವ್ ಟಿ ಕೋಶಗಳು (ಇನ್ನೂ ಯಾವ ರೋಗಾಣುವನ್ನೂ ಎದುರಿಸದವು; ಸಿಡಿ45ಆರ್‌ಎ, ಸಿಸಿಆರ್7 ಎಂಬ ಗುರುತಿನ ಪ್ರೋಟೀನ್ ಎರಡೂ ಇರುವವು), ಸಿಡಿ28 ಎಂಬ ಪ್ರೋಟೀನ್ ಕಳೆದುಕೊಂಡ ಸಿಡಿ8 ಕೋಶಗಳು, ಇಷ್ಟು ನೋಡಿ. ಸಿಎಂವಿ ಐಜಿಜಿ (ಸೈಟೋಮೆಗಾಲೋವೈರಸ್ ಸೋಂಕು ಆಗಿದೆಯೇ ಎಂದು ತೋರಿಸುವ ಪ್ರತಿಕಾಯದ ಪರೀಕ್ಷೆ) ಮಾಡಿಸಲೇಬೇಕು. ಆ ವೈರಸ್ ಇದ್ದರೆ ಸಿಡಿ8 ಕೋಶಗಳು ಹೆಚ್ಚಾಗಿ ಸಿಡಿ4-ಸಿಡಿ8 ಅನುಪಾತ 1ಕ್ಕಿಂತ ಕೆಳಗಿಳಿಯಬಹುದು. ಎಲ್ಲವನ್ನೂ ವಯಸ್ಸಿನ ತಲೆಗೆ ಕಟ್ಟಬೇಡಿ.

ಉತ್ತರ 2: ಎಡವಟ್ಟಾಗುವುದು ಸ್ಯಾಂಪಲ್‌ನಲ್ಲೇ. ಪ್ರತಿ ಸಲ ಒಂದೇ ಹೊತ್ತಿಗೆ ರಕ್ತ ತೆಗೆಯಿರಿ: ಕಾರ್ಟಿಸಾಲ್ ಹಾರ್ಮೋನ್ ಏರಿರುವ ಬೆಳಗ್ಗೆ ಟಿ ಕೋಶ ಕಡಿಮೆ, ರಾತ್ರಿ ಜಾಸ್ತಿ. ಇಡಿಟಿಎ ಟ್ಯೂಬ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಟ್ಯೂಬ್) ಬಳಸಿ, ಫ್ರಿಜ್ ಬೇಡ. ಜ್ವರ, ಲಸಿಕೆ ಆಗಿದ್ದರೆ ಕೆಲವು ವಾರ ಬಿಡಿ.

ಉತ್ತರ 3: ಮೇಲೆ ಹೇಳಿದ್ದೆಲ್ಲ ಬರೀ ಎಣಿಕೆ. ಕೋಶಗಳು ಕೆಲಸ ಮಾಡುತ್ತವಾ ಅಂತ ತಿಳಿಯಲು ಫ್ಲೂ ಲಸಿಕೆಗೆ ಮೊದಲು ಮತ್ತು ಸುಮಾರು 28 ದಿನಕ್ಕೆ ಪ್ರತಿಕಾಯದ ಟೈಟರ್ (ರಕ್ತದಲ್ಲಿನ ಮಟ್ಟ) ನೋಡಿ. ಮೊದಲೇ ಟೈಟರ್ ಜಾಸ್ತಿ ಇದ್ದವರಲ್ಲಿ ಲಸಿಕೆ ಫಲಿಸಿತು ಎನ್ನಲು ನೋಡುವ ನಾಲ್ಕು ಪಟ್ಟು ಏರಿಕೆ ಕಾಣದಿದ್ದರೂ ಗಾಬರಿ ಬೇಡ.