ಬಾದಾಮಿ ಕೆರೆಯ ಹಳೇ ಚಿತ್ರ: ಕೈಯಲ್ಲಿ ಬರೆದದ್ದೋ, ಪ್ರಿಂಟೋ? ಬೆಲೆ ಹೇಗೆ?

ಪ್ರಶ್ನೆ (ಬಾಗಲಕೋಟೆ):
ನವನಗರದ ಮನೆಯೊಂದನ್ನು ಖಾಲಿ ಮಾಡುವಾಗ ಸಿಕ್ಕ ಚಿತ್ರ. ಬಾದಾಮಿಯ ಅಗಸ್ತ್ಯ ತೀರ್ಥ ಕೆರೆ, ಆಚೆ ದಂಡೆಗೆ ಭೂತನಾಥ ಗುಡಿ, ಎರಡೂ ಕಡೆ ಕೆಂಪು ಬಂಡೆ. ಫ್ರೇಮ್ ಬಿಟ್ಟು 24×36 ಇಂಚು, ಕ್ಯಾನ್ವಾಸ್. ಬಲಕ್ಕೆ ಕೆಳಗೆ ಓದಲಾಗದ ಸಹಿ, ಪಕ್ಕದಲ್ಲಿ '68. ಹಿಂದೆ ಬೆಳಗಾವಿಯ ಫ್ರೇಮ್ ಅಂಗಡಿಯ ಚೀಟಿ, ಅದರಲ್ಲಿ 590ರಿಂದ ಶುರುವಾಗುವ ಪಿನ್ ಕೋಡ್, ಕೊನೆಗೆ ‘ಕರ್ನಾಟಕ’. ಆಕಾಶವೆಲ್ಲ ಹಳದಿ. ಒದ್ದೆ ಬಟ್ಟೆಯಿಂದ ಒರೆಸಬಹುದಾ? ಬೆಲೆ ಯಾರು ಕಟ್ಟುತ್ತಾರೆ?

ಉತ್ತರ 1:
ಒರೆಸಬ್ಯಾಡ್ರಿ. ಬಿರುಕಿನೊಳಗೆ ನೀರು ಇಳಿದರೆ ಬಣ್ಣದ ಕೆಳಗಿನ ಅಂಟು ಉಬ್ಬಿ, ಬಣ್ಣ ಚಕ್ಕೆಚಕ್ಕೆಯಾಗಿ ಏಳುತ್ತದೆ. ಆಲೂಗಡ್ಡೆ, ಸೋಪು ಹಚ್ಚಿ ಒರೆಸಿ ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ.

10 ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ತನ್ನಿ. ಆಕಾಶದಲ್ಲಿ ನೀಲಿ, ಗುಲಾಬಿ, ಹಳದಿ ಚುಕ್ಕಿ ಕಂಡರೆ ಪ್ರಿಂಟ್. ಈಗ ಪ್ರಿಂಟಿನ ಮೇಲೆ ಪಾರದರ್ಶಕ ಜೆಲ್ ಬಳಿದು ಕುಂಚದ ಗೆರೆ ಎಬ್ಬಿಸಿ ಮಾರುವುದೂ ಉಂಟು, ಹಾಗಾಗಿ ಕೈಯಿಂದ ಮುಟ್ಟಿ ತೀರ್ಮಾನಿಸಬೇಡಿ. ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಚಿತ್ರಕ್ಕೆ ತಾಗುವಷ್ಟು ಓರೆಯಾಗಿ ಹಿಡಿಯಿರಿ. ಜೆಲ್ ಗೆರೆ ಗುಡಿ, ಬಂಡೆ, ನೀರು ಯಾವುದನ್ನೂ ಲೆಕ್ಕಿಸದೆ ಅಡ್ಡ ಹಾಯುತ್ತದೆ. ಎಣ್ಣೆಬಣ್ಣದಲ್ಲಿ ಬಂಡೆಯ ಅಂಚು ತಿರುಗಿದಲ್ಲಿ ಕುಂಚವೂ ತಿರುಗಿರುತ್ತದೆ.

ಉತ್ತರ 2:
ಪಿನ್ ಕೋಡ್ ಬಂದದ್ದು 1972ರ ಆಗಸ್ಟ್ 15ಕ್ಕೆ, ಮೈಸೂರು ರಾಜ್ಯ ಕರ್ನಾಟಕ ಆದದ್ದು 1973ರ ನವೆಂಬರ್ 1ಕ್ಕೆ. ಚೀಟಿ ಅದಕ್ಕೂ ಈಚಿನದು. ಅಂದಮಾತ್ರಕ್ಕೆ '68 ಸುಳ್ಳಲ್ಲ. ಚೀಟಿ ಹೇಳುವುದು ಫ್ರೇಮಿನ ವಯಸ್ಸು. ಕ್ಯಾನ್ವಾಸಿನ ಮಡಿಚಿದ ಅಂಚಿನಲ್ಲಿ ತುಕ್ಕು ಹಿಡಿದ ಖಾಲಿ ಮೊಳೆತೂತುಗಳ ಇನ್ನೊಂದು ಸಾಲು ಇದ್ದರೆ ಕ್ಯಾನ್ವಾಸನ್ನು ಒಮ್ಮೆ ಬಿಚ್ಚಿ ಮತ್ತೆ ಹೊಡೆದಿದ್ದಾರೆ, ಅಂದರೆ ಚಿತ್ರ ಈ ಫ್ರೇಮಿಗಿಂತ ಹಳೆಯದಿರಬಹುದು.

ಸಹಿಯನ್ನೂ ಅದೇ ಕನ್ನಡಿಯಲ್ಲಿ ನೋಡಿ. ಬಿರುಕು ಸಹಿಯನ್ನು ಸೀಳಿದ್ದರೆ ಸಹಿ ಹಳೆಯದು. ಸಹಿಯ ಬಣ್ಣ ಬಿರುಕಿನೊಳಗೆ ಹರಿದಿದ್ದರೆ ಆಮೇಲೆ ಯಾರೋ ಸೇರಿಸಿದ್ದು.

ಉತ್ತರ 3:
ಜಾಗವನ್ನೂ ತಾಳೆ ನೋಡ್ರಿ. ಭೂತನಾಥ ಇರುವುದು ಕೆರೆಯ ಪೂರ್ವ ದಂಡೆಗೆ. ಊರಿನ ಕಡೆಯಿಂದ ನೋಡಿದರೆ ಗುಹೆಗಳ ಗುಡ್ಡ ಬಲಕ್ಕೆ, ಶಿವಾಲಯಗಳ ಗುಡ್ಡ ಎಡಕ್ಕೆ. ತಿರುವುಮುರುವಾಗಿದ್ದರೆ ಉಲ್ಟಾ ಅಚ್ಚಾದ ಫೋಟೋ ನೋಡಿ ಬರೆದಿರಬಹುದು. ಸ್ಥಳದಲ್ಲೇ ಕೂತು ಬರೆದವನಿಗೆ ಆ ತಪ್ಪು ಆಗೋದಿಲ್ಲ.

ಪ್ರಶ್ನೆ ಕೇಳಿದವರು:
ಚುಕ್ಕಿ ಇಲ್ಲ, ಕುಂಚ ಬಂಡೆಯ ಜೊತೆಗೇ ತಿರುಗಿದೆ. ತೂತು ಎರಡು ಸಾಲು. ಬಿರುಕು ಸಹಿಯನ್ನು ಸೀಳಿದೆ. ಗುಹೆಯ ಗುಡ್ಡ ಬಲಕ್ಕೇ ಇದೆ.

ಉತ್ತರ 2:
ಹಾಗಾದರೆ ಕೈಯಲ್ಲಿ ಬರೆದದ್ದೇ, '68 ನಂಬಬಹುದು. ಆದರೆ ಸಹಿ ಯಾರದೆಂದು ಗೊತ್ತಾಗುವವರೆಗೆ ಇದಕ್ಕೆ ಗೋಡೆ ಅಲಂಕಾರದ ಬೆಲೆಯೇ. ಅಳತೆ, ಸ್ಥಿತಿ, ವಿಷಯ ನೋಡಿ ಕೊಡುತ್ತಾರೆ. ಬಾದಾಮಿ ಅಂತ ಗುರುತು ಸಿಗುವುದರಿಂದ ಈ ಭಾಗದಲ್ಲಿ ಕೊಳ್ಳುವವರು ಸಿಕ್ಕಾರು. ಆನ್‌ಲೈನ್‌ನಲ್ಲಿ ಕೇಳುವ ಬೆಲೆ ನೋಡಿ ಉಬ್ಬಬೇಡಿ, ಹರಾಜಿನಲ್ಲಿ ನಿಜವಾಗಿ ಮಾರಾಟವಾದ ಬೆಲೆ ನೋಡಿ, ಅದರಲ್ಲೂ ಹರಾಜು ಸಂಸ್ಥೆಯ ಕಮಿಷನ್ ಸೇರಿದೆಯೋ ಇಲ್ಲವೋ ಪರೀಕ್ಷಿಸಿ. ವಿಮೆಗೆ ಬರೆಸುವ ಬೆಲೆ ಬೇರೆ, ಅದು ಮಾರಾಟದ ಬೆಲೆಗಿಂತ ಸಾಮಾನ್ಯವಾಗಿ ಹೆಚ್ಚೇ.

ಹಳದಿ ಬಹುಶಃ ಹಳೇ ವಾರ್ನಿಶ್. 365 ನ್ಯಾನೋಮೀಟರ್ ಯುವಿ ಟಾರ್ಚಿಗೆ ಹಸಿರಾಗಿ ಹೊಳೆದರೆ ಅದೇ. ನಡುವೆ ಕಪ್ಪು ತೇಪೆ ಕಂಡರೆ ಅಲ್ಲಿ ರಿಪೇರಿ ಆಗಿದೆ. ವಾರ್ನಿಶ್ ತೆಗೆಯುವುದು ಚಿತ್ರಗಳ ಸಂರಕ್ಷಣೆ ಕಲಿತವರ ಕೆಲಸ. ಪರಂಪರೆ ಉಳಿಸುವ ಕೆಲಸ ಮಾಡುವ ಇಂಟ್ಯಾಕ್ ಸಂಸ್ಥೆಯ ಬೆಂಗಳೂರು ಕೇಂದ್ರವನ್ನು ಕೇಳಿ. ಫ್ರೇಮ್ ಅಂಗಡಿಯವರು ‘ಒಂದು ಕೋಟ್ ಹೊಡೆದು ಹೊಳಪು ಕೊಡ್ತೀವಿ’ ಅಂದರೆ ಬೇಡವೇ ಬೇಡ.

ಬೆಲೆ ಕಟ್ಟುವವರಿಗೆ ಫೋಟೋ ಕಳಿಸುವಾಗ ಫ್ಲಾಶ್ ಹಾಕದೆ ಇಡೀ ಚಿತ್ರ, ಇಡೀ ಹಿಂಬದಿ, ಪಕ್ಕದಲ್ಲಿ ಸ್ಕೇಲ್ ಇಟ್ಟು ಸಹಿ, ಓರೆ ಬೆಳಕಿನಲ್ಲಿ ಒಂದು. ಫ್ರೇಮ್ ಬದಲಿಸಿದರೂ ಆ ಚೀಟಿ ಹರಿಯಬೇಡಿ.