300 ಪುಟದ ಕ್ಯಾಟಲಾಗ್, ಜೊತೆಗೊಂದು ಡ್ಯಾಶ್‌ಬೋರ್ಡ್: ಎಲ್ಲವನ್ನೂ ರಿಯಾಕ್ಟ್‌ನಲ್ಲೇ ಮಾಡಬೇಕಾ?

ಗುಬ್ಬಿಗೂಡು

ಕ್ಯಾಟಲಾಗ್ ಸೈಟ್ ಒಂದನ್ನು ಹೊಸದಾಗಿ ಕಟ್ಟಬೇಕು. ಉತ್ಪನ್ನಗಳ ಪುಟ ಸುಮಾರು 300, ವಾರಕ್ಕೆ ಐದಾರು ಬದಲಾಗುತ್ತವೆ. ಒಂದು ಹುಡುಕಾಟ, ಒಂದು ವಿಚಾರಣೆ ಫಾರ್ಮ್. ಲಾಗಿನ್ ಆದವರಿಗೆ ಡ್ಯಾಶ್‌ಬೋರ್ಡ್: ಆರ್ಡರ್ ಪಟ್ಟಿ, ಫಿಲ್ಟರ್, ಸ್ಟಾಕ್ ತಿದ್ದುವುದು. ಅದನ್ನು ಬಳಸುವವರು 10-12 ಜನ. ಕೋಡ್ ಬರೆಯುವವರು ಇಬ್ಬರೇ.

ಹಳೇದು ಕ್ರಿಯೇಟ್ ರಿಯಾಕ್ಟ್ ಆಪ್‌ನಲ್ಲಿದೆ (ಜಾವಾಸ್ಕ್ರಿಪ್ಟ್‌ನಿಂದ ಪರದೆ ಕಟ್ಟುವ ರಿಯಾಕ್ಟ್ ಲೈಬ್ರರಿಯಲ್ಲಿ ಪ್ರಾಜೆಕ್ಟ್ ಶುರು ಮಾಡುವ ಸಾಧನ). ಅದನ್ನೇ ಎಳೆದುಕೊಂಡು ಹೋಗೋದಾ, ರಿಯಾಕ್ಟ್ ಮೇಲೇ ಕಟ್ಟಿದ ನೆಕ್ಸ್ಟ್ ಫ್ರೇಮ್‌ವರ್ಕ್‌ಗೆ ಹೋಗೋದಾ, ಬೇರೇನಾದರೂ ಇದೆಯಾ? ಬೇಕಾಗಿರೋದು ಎರಡು: ಸಾಧಾರಣ ಫೋನಿನಲ್ಲೂ ಬೇಗ ತೆರೆಯಬೇಕು, ಎರಡು ವರ್ಷ ಬಿಟ್ಟು ಬಂದರೂ ಬಿಲ್ಡ್ ಆಗಬೇಕು, ಅಂದರೆ ಕೋಡ್‌ನಿಂದ ಸೈಟ್‌ನ ಫೈಲ್‌ಗಳು ತಯಾರಾಗಬೇಕು.

ಅರೆವಿರಾಮ

ಕ್ರಿಯೇಟ್ ರಿಯಾಕ್ಟ್ ಆಪ್ ಬಿಟ್ಟುಬಿಡಿ. ಹೊಸ ಕೆಲಸಕ್ಕೆ ಅದು ಬೇಡ ಅಂತ 2025ರ ಫೆಬ್ರವರಿಯಲ್ಲಿ ರಿಯಾಕ್ಟ್ ತಂಡವೇ ಹೇಳಿದೆ.

ನೀವು ಒಂದು ಸೈಟ್ ಅಂದುಕೊಂಡಿರೋದು ನಿಜಕ್ಕೂ ಎರಡು. ಕ್ಯಾಟಲಾಗ್ ಎಲ್ಲರಿಗೂ ಒಂದೇ ಥರ ಕಾಣುತ್ತದೆ, ಅಪರೂಪಕ್ಕೆ ಬದಲಾಗುತ್ತದೆ. ಅದನ್ನು ಬಿಲ್ಡ್ ಮಾಡುವಾಗಲೇ ಎಚ್‌ಟಿಎಂಎಲ್ ಮಾಡಿಟ್ಟರೆ ಸಾಕು. ಆಸ್ಟ್ರೋ ಫ್ರೇಮ್‌ವರ್ಕ್ ಇದಕ್ಕೆ ಹೇಳಿ ಮಾಡಿಸಿದ್ದು: ನೀವಾಗಿ ಕೇಳದಿದ್ದರೆ ಕಾಂಪೊನೆಂಟ್‌ಗಳ ಜಾವಾಸ್ಕ್ರಿಪ್ಟ್ ಬ್ರೌಸರ್‌ಗೆ ಹೋಗೋದಿಲ್ಲ. ಉತ್ಪನ್ನ ಬದಲಾದಾಗ ವೆಬ್‌ಹುಕ್‌ನಿಂದ (ಬದಲಾವಣೆ ಆದಾಗ ತಾನಾಗಿ ಹೋಗುವ ಕರೆ) ಮತ್ತೆ ಬಿಲ್ಡ್ ಓಡಿಸಿ.

ಹುಡುಕಾಟಕ್ಕೆ ಸರ್ವರ್ ಕೂಡ ಬೇಡ. ಹೆಸರು, ವರ್ಗ, ಕೊಂಡಿ ಸೇರಿ ಒಂದಕ್ಕೆ 100 ಬೈಟ್ ಹಿಡಿದರೂ 300ಕ್ಕೆ 30 ಕೆಬಿ. ಜೇಸನ್ ಫೈಲ್ ಮಾಡಿಟ್ಟು, ಹುಡುಕಾಟದ ಪೆಟ್ಟಿಗೆ ಮುಟ್ಟಿದಾಗ ಮಾತ್ರ ತರಿಸಿ. ಡ್ಯಾಶ್‌ಬೋರ್ಡ್ ಬೇರೆ ಪ್ರಾಜೆಕ್ಟ್ ಆಗಿರಲಿ: ವೀಟ್ (ಬಿಲ್ಡ್ ಮಾಡುವ ಸಾಧನ), ರಿಯಾಕ್ಟ್, ಟೈಪ್‌ಸ್ಕ್ರಿಪ್ಟ್.

ಕಂಬಳಿಹುಳ

ಮೊದಲರ್ಧ ಒಪ್ಪಿದೆ. ಡ್ಯಾಶ್‌ಬೋರ್ಡ್‌ಗೆ ರಿಯಾಕ್ಟ್ ಯಾಕೆ ಅಂತ ಮಾತ್ರ ಗೊತ್ತಾಗಲಿಲ್ಲ.

ಆರ್ಡರ್ ಪಟ್ಟಿ ಅಂದ್ರೆ ಒಂದು ಟೇಬಲ್, ಫಿಲ್ಟರ್ ಅಂದ್ರೆ ಒಂದು ಫಾರ್ಮ್. ಜಾಂಗೋ ಆಗಲಿ ಲಾರಾವೆಲ್ ಆಗಲಿ, ಯಾವುದಾದರೂ ಸರ್ವರ್ ಫ್ರೇಮ್‌ವರ್ಕ್ ಹಿಡಿದು ಸರ್ವರ್‌ನಲ್ಲೇ ಎಚ್‌ಟಿಎಂಎಲ್ ಮಾಡಿ ಕಳಿಸಿ. ಫಿಲ್ಟರನ್ನು ವಿಳಾಸದ ಕ್ವೆರಿಯಲ್ಲಿ (ಪ್ರಶ್ನೆ ಚಿಹ್ನೆಯ ನಂತರದ ಭಾಗ) ಇಟ್ಟರೆ ಬ್ಯಾಕ್ ಬಟನ್, ರಿಫ್ರೆಶ್, ಕೊಂಡಿ ಕಳಿಸೋದು ಎಲ್ಲಾ ತಾನಾಗೇ ಸರಿಯಾಗಿರುತ್ತೆ. ರಿಯಾಕ್ಟ್‌ನಲ್ಲಿ ಇದನ್ನೇ ಸ್ಟೇಟ್‌ನಲ್ಲಿ (ಪುಟದ ಮೆಮೊರಿಯಲ್ಲಿ) ಇಟ್ಟು, ಆಮೇಲೆ ವಿಳಾಸಕ್ಕೆ ಹೊಂದಿಸೋಕೆ ಒದ್ದಾಡೋರು ಬಹಳ. ಪುಟದ ಒಂದು ತುಂಡು ಮಾತ್ರ ಬದಲಾಗಬೇಕಾದ ಕಡೆ ಎಚ್‌ಟಿಎಂಎಕ್ಸ್ ಅನ್ನೋ ಸಣ್ಣ ಲೈಬ್ರರಿ ಸಾಕು.

ಇದಕ್ಕಿಂತ ಮುಖ್ಯವಾದದ್ದು ಸ್ಟಾಕ್. 12 ಜನ ತಿದ್ದುತ್ತಾರೆ ಅಂದಮೇಲೆ ಇಬ್ಬರು ಒಂದೇ ಸಾಲನ್ನು ತೆರೆದಿಟ್ಟುಕೊಳ್ಳೋದು ಖಂಡಿತ. ಕೊನೆಗೆ ಸೇವ್ ಒತ್ತಿದವರು ಮೊದಲಿನವರ ಲೆಕ್ಕವನ್ನು ಸದ್ದಿಲ್ಲದೆ ಅಳಿಸುತ್ತಾರೆ. ಟೇಬಲ್‌ಗೆ ಆವೃತ್ತಿ ಸಂಖ್ಯೆಯ ಕಾಲಮ್ ಒಂದನ್ನು ಸೇರಿಸಿ. ಅಪ್‌ಡೇಟ್ ಮಾಡುವಾಗ ಐಡಿ ಜೊತೆ ಹಳೆಯ ಆವೃತ್ತಿಯನ್ನೂ ಷರತ್ತಾಗಿ ಕೊಡಿ, ಅದೇ ಕ್ವೆರಿಯಲ್ಲಿ ಆವೃತ್ತಿಯನ್ನು ಒಂದು ಹೆಚ್ಚಿಸಿ. ಬದಲಾದ ಸಾಲು 0 ಅಂತ ಬಂದರೆ ನಡುವೆ ಬೇರೆಯವರು ತಿದ್ದಿದ್ದಾರೆ ಅಂತ ಅರ್ಥ. 409 (ಸಂಘರ್ಷ ಅನ್ನೋ ಸಂಕೇತ) ಕಳಿಸಿ, ಹೊಸ ಸಂಖ್ಯೆ ತೋರಿಸಿ. ಯಾವ ಫ್ರೇಮ್‌ವರ್ಕ್ ಆರಿಸಿದರೂ ಈ ಕೆಲಸ ನಿಮ್ಮದೇ.

ಗುಬ್ಬಿಗೂಡು

ಇಬ್ಬರಿಗೂ ಧನ್ಯವಾದ. ಒಂದು ವಿಷಯ ಬಿಟ್ಟಿದ್ದೆ: ಸ್ಟಾಕ್ ಪರದೆ ಸ್ಪ್ರೆಡ್‌ಶೀಟ್ ಥರ ಬೇಕು. ಕೀಬೋರ್ಡ್‌ನಲ್ಲೇ ಸೆಲ್‌ನಿಂದ ಸೆಲ್‌ಗೆ ಹೋಗಬೇಕು, ಹತ್ತಾರು ಸೆಲ್ ತಿದ್ದಿ ಒಟ್ಟಿಗೆ ಸೇವ್ ಮಾಡಬೇಕು, ಬೇಡವಾದರೆ ಹಿಂದಕ್ಕೆ ತೆಗೆದುಕೊಳ್ಳಬೇಕು.

ಕಂಬಳಿಹುಳ

ಹಾಗಾದ್ರೆ ಆ ಪರದೆಗೆ ರಿಯಾಕ್ಟ್ ಸರಿ. ಉಳಿದವಕ್ಕೆ ನನ್ನ ಮಾತು ಹಾಗೇ ಇರಲಿ.

ಮೂರನೇಕಣ್ಣು

ಡ್ಯಾಶ್‌ಬೋರ್ಡ್ ವೀಟ್‌ನಲ್ಲಿ ಮಾಡೋದಾದರೆ ತೊಂದರೆ ಶುರುವಾಗೋದು ಡೆಪ್ಲಾಯ್ ಆದ ಮೇಲೆ, ಅಂದರೆ ಸರ್ವರ್‌ಗೆ ಹಾಕಿದ ಮೇಲೆ.

ಒಳಗಿನ ಪುಟದಲ್ಲಿ ರಿಫ್ರೆಶ್ ಕೊಟ್ಟರೆ 404. ಆ ವಿಳಾಸ ಬ್ರೌಸರ್‌ನ ರೂಟರ್‌ಗೆ ಮಾತ್ರ ಗೊತ್ತು, ಸರ್ವರ್‌ನಲ್ಲಿ ಅಂಥ ಫೈಲೇ ಇಲ್ಲ. ಸಿಗದ ವಿಳಾಸಕ್ಕೆಲ್ಲ ಇಂಡೆಕ್ಸ್ ಫೈಲ್ ಕೊಡು ಅಂತ ಸರ್ವರ್‌ಗೆ ಹೇಳಿಬಿಡುತ್ತಾರೆ, ಅಲ್ಲೇ ಇನ್ನೊಂದು ಗುಂಡಿ. ಅಸೆಟ್ಸ್ ಫೋಲ್ಡರನ್ನು (ಜೆಎಸ್, ಸಿಎಸ್‌ಎಸ್ ಫೈಲ್‌ಗಳಿರುವುದು) ಈ ನಿಯಮದಿಂದ ಹೊರಗಿಡಿ. ಇಲ್ಲದಿದ್ದರೆ ಇಲ್ಲದ ಜೆಎಸ್ ಫೈಲ್ ಕೇಳಿದಾಗಲೂ 200 ಸಂಕೇತದ ಜೊತೆ ಎಚ್‌ಟಿಎಂಎಲ್ ಹೋಗುತ್ತದೆ. ಬ್ರೌಸರ್ ಮೈಮ್ ಟೈಪ್ (ಫೈಲ್‌ನ ಬಗೆ) ತಪ್ಪು ಅಂತ ದೂರುತ್ತದೆ, ನೀವು ಕಾರಣವನ್ನು ಬೇರೆಲ್ಲೋ ಹುಡುಕುತ್ತೀರಿ.

ಇಲ್ಲದ ಫೈಲನ್ನು ಯಾರು ಕೇಳ್ತಾರೆ ಅಂದರೆ, ಬೆಳಿಗ್ಗೆ ತೆರೆದ ಟ್ಯಾಬ್. ಮಧ್ಯಾಹ್ನ ನೀವು ಹೊಸ ಬಿಲ್ಡ್ ಹಾಕಿದಿರಿ, ಫೈಲ್ ಹೆಸರಿನ ಹ್ಯಾಶ್ (ಒಳಗಿನ ಕೋಡ್‌ನಿಂದ ಲೆಕ್ಕ ಹಾಕಿದ ಗುರುತು) ಬದಲಾಯಿತು, ಹಳೆಯವು ಅಳಿದವು. ಆ ಟ್ಯಾಬ್‌ನಲ್ಲಿ ಇನ್ನೊಂದು ಪರದೆಗೆ ಹೋದರೆ ಹಳೆಯ ಚಂಕ್ (ಕೋಡ್‌ನ ತುಂಡು) ಬೇಕು, ಅದು ಇಲ್ಲ, ಪರದೆ ಬಿಳಿ. ಹಿಂದಿನ ಒಂದೆರಡು ಬಿಲ್ಡ್‌ಗಳ ಅಸೆಟ್‌ಗಳನ್ನು ಸರ್ವರ್‌ನಲ್ಲಿ ಉಳಿಸಿಕೊಳ್ಳಿ. ಇಂಥ ಹೊತ್ತಿನಲ್ಲಿ ವೀಟ್ ಪ್ರಿಲೋಡ್ ಎರರ್ ಈವೆಂಟ್ ಕೊಡುತ್ತದೆ, ಅದು ಬಂದಾಗ ಪುಟ ರಿಲೋಡ್ ಮಾಡಿ. ಆದರೆ ಒಮ್ಮೆ ಮಾತ್ರ. ಸೆಷನ್ ಸ್ಟೋರೇಜ್‌ನಲ್ಲಿ ಗುರುತು ಇಟ್ಟುಕೊಳ್ಳದಿದ್ದರೆ ರಿಲೋಡ್ ಮುಗಿಯೋದೇ ಇಲ್ಲ. ತಿದ್ದಿ ಸೇವ್ ಮಾಡದ ಸೆಲ್‌ಗಳಿದ್ದರೆ ಮೊದಲು ಕೇಳಿ, ಆಮೇಲೆ ರಿಲೋಡ್.

ಕ್ಯಾಶ್ ಹೆಡರ್: ಹ್ಯಾಶ್ ಇರುವ ಫೈಲ್‌ಗೆ ಮ್ಯಾಕ್ಸ್-ಏಜ್ 31536000 (ಒಂದು ವರ್ಷದ ಸೆಕೆಂಡ್‌ಗಳು) ಮತ್ತು ಇಮ್ಯೂಟಬಲ್ (ಬದಲಾಗದು), ಇಂಡೆಕ್ಸ್‌ಗೆ ನೋ-ಕ್ಯಾಶ್ (ಪ್ರತಿ ಸಲ ಸರ್ವರನ್ನು ಕೇಳು). ಇದನ್ನು ಅದಲುಬದಲು ಮಾಡಿದರೆ ಕೆಲವರಿಗೆ ಹಳೆಯ ಸೈಟೇ ಕಾಣುತ್ತಿರುತ್ತದೆ.

ಲಾಗಿನ್ ಟೋಕನ್ ಲೋಕಲ್ ಸ್ಟೋರೇಜ್‌ನಲ್ಲಿ ಬೇಡ, ಪುಟದೊಳಗೆ ನುಸುಳಿದ ಯಾವ ಸ್ಕ್ರಿಪ್ಟ್ ಬೇಕಾದರೂ ಓದಬಹುದು. ಸೆಷನ್ ಕುಕಿ ಇರಲಿ: ಎಚ್‌ಟಿಟಿಪಿ-ಓನ್ಲಿ (ಸ್ಕ್ರಿಪ್ಟ್‌ಗೆ ಸಿಗದು), ಸೆಕ್ಯೂರ್ (ಎಚ್‌ಟಿಟಿಪಿಎಸ್‌ನಲ್ಲಿ ಮಾತ್ರ), ಸೇಮ್-ಸೈಟ್ ಲ್ಯಾಕ್ಸ್ (ಬೇರೆ ಸೈಟ್‌ನ ಕೋರಿಕೆಗಳಿಗೆ ಮಿತಿ). ಎಪಿಐಯನ್ನು ಅದೇ ಡೊಮೇನ್‌ನಲ್ಲಿ ಇಟ್ಟರೆ ಕಾರ್ಸ್ (ಬೇರೆ ಡೊಮೇನ್‌ಗೆ ಹೋಗುವ ಕೋರಿಕೆಗಳ ಮೇಲೆ ಬ್ರೌಸರ್ ಹಾಕುವ ನಿಯಮ) ತಲೆನೋವೂ ಇಲ್ಲ. ಇನ್ನು ವೀಟ್ ಅನ್ನುವ ಪೂರ್ವಪದ ಹೊತ್ತ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳು ಕೋಡ್‌ನಲ್ಲಿ ಬಳಸಿದರೆ ಬಂಡಲ್ (ಬ್ರೌಸರ್‌ಗೆ ಹೋಗುವ ಕೋಡ್) ಸೇರುತ್ತವೆ. ಗುಟ್ಟಿನ ಕೀ ಅಲ್ಲಿಟ್ಟರೆ ಅದು ಗುಟ್ಟಲ್ಲ.

ಅರೆವಿರಾಮ

ಎರಡು ವರ್ಷದ ಪ್ರಶ್ನೆಗೆ: ಲಾಕ್ ಫೈಲನ್ನು (ಪ್ರತಿ ಪ್ಯಾಕೇಜ್‌ನ ನಿಖರ ಆವೃತ್ತಿ ಬರೆದಿರುವುದು) ಗಿಟ್‌ಗೆ ಹಾಕಿ, ಬಿಲ್ಡ್ ಸರ್ವರ್‌ನಲ್ಲಿ ಎನ್‌ಪಿಎಂ ಇನ್‌ಸ್ಟಾಲ್ ಬದಲು ಎನ್‌ಪಿಎಂ ಸಿಐ ಓಡಿಸಿ. ಅದು ಲಾಕ್‌ನಲ್ಲಿ ಇರುವುದನ್ನೇ ಹಾಕುತ್ತದೆ, ಹೊಂದದಿದ್ದರೆ ನಿಲ್ಲುತ್ತದೆ. ಬಿಲ್ಡ್ ಓಡಿಸುವ ನೋಡ್‌ನ ಆವೃತ್ತಿಯನ್ನು ಪ್ಯಾಕೇಜ್ ಫೈಲ್‌ನ ಎಂಜಿನ್ಸ್‌ನಲ್ಲಿ ಬರೆದರೆ ಬರೀ ಎಚ್ಚರಿಕೆ ಬರುತ್ತದೆ, ತಡೆಯಬೇಕಾದರೆ ಎಂಜಿನ್-ಸ್ಟ್ರಿಕ್ಟ್ ಹಾಕಬೇಕು. ಸಿ++ ಭಾಗವಿರುವ ಪ್ಯಾಕೇಜ್‌ಗಳು ನೋಡ್ ಬದಲಾದಾಗ ಮೊದಲು ಕೈಕೊಡುತ್ತವೆ, ಅವನ್ನು ಕಡಿಮೆ ಮಾಡಿ. ಮೋಡಲ್‌ಗೆ ಡೈಲಾಗ್ ಎಲಿಮೆಂಟ್, ಮಡಚುವ ಭಾಗಕ್ಕೆ ಡೀಟೇಲ್ಸ್. ಇವಕ್ಕೆ ಲೈಬ್ರರಿ ಬೇಕಿಲ್ಲ.

ಗುಬ್ಬಿಗೂಡು

ಆಸ್ಟ್ರೋ ಹಾಕಿ ಹತ್ತು ಪುಟ ಮಾಡಿ ನೋಡಿದೆವು. ಜಾವಾಸ್ಕ್ರಿಪ್ಟ್ ಇಲ್ಲವೇ ಇಲ್ಲ, ಆದರೂ ಎಲ್‌ಸಿಪಿ (ಪುಟದ ದೊಡ್ಡ ಭಾಗ ಕಾಣಲು ಹಿಡಿಯುವ ಹೊತ್ತು) 4 ಸೆಕೆಂಡ್ ತೋರಿಸುತ್ತಿದೆ. ಮೇಲೊಂದು ದೊಡ್ಡ ಚಿತ್ರ, ಕೆಳಗೆ ಕಾರ್ಡ್‌ಗಳು, ಎಲ್ಲಕ್ಕೂ ಲೇಜಿ ಲೋಡಿಂಗ್ (ಪರದೆಯ ಹತ್ತಿರ ಬಂದಾಗ ಮಾತ್ರ ತರಿಸುವುದು) ಕೊಟ್ಟಿದ್ದೇವೆ.

ಕಂಬಳಿಹುಳ

ಆ "ಎಲ್ಲಕ್ಕೂ" ಅನ್ನೋದೇ ಕಾರಣ ಇರಬೇಕು. ಮೇಲಿನ ಚಿತ್ರದಿಂದ ಲೇಜಿ ತೆಗೆದು ಫೆಚ್-ಪ್ರಯಾರಿಟಿ ಹೈ (ತರಿಸುವುದರಲ್ಲಿ ಆದ್ಯತೆ) ಕೊಡಿ. ಲೇಜಿ ಇದ್ದರೆ ಲೇಔಟ್ ಆಗುವವರೆಗೂ ಬ್ರೌಸರ್ ಅದನ್ನು ತರಿಸೋದಿಲ್ಲ. ಫೈಲನ್ನು ಎವಿಫ್ ಅಥವಾ ವೆಬ್‌ಪಿ (ಚಿಕ್ಕ ಗಾತ್ರದ ಚಿತ್ರ ಮಾದರಿಗಳು) ಮಾಡಿ. ವಿಡ್ತ್, ಹೈಟ್ ಬರೆಯದಿದ್ದರೆ ಪುಟ ಜಿಗಿಯುತ್ತೆ, ಸಿಎಲ್‌ಎಸ್ (ಆ ಜಿಗಿತದ ಅಳತೆ) 0.1ರ ಮಿತಿ ದಾಟಬಹುದು.

ಕಾರ್ಡ್‌ಗಳಿಗೆ ಎಸ್‌ಆರ್‌ಸಿ-ಸೆಟ್‌ನಲ್ಲಿ (ಒಂದೇ ಚಿತ್ರದ ಬೇರೆ ಬೇರೆ ಗಾತ್ರದ ಫೈಲ್‌ಗಳ ಪಟ್ಟಿ) ಅಗಲದ ಅಳತೆ ಕೊಟ್ಟು, ಚಿತ್ರ ಪರದೆಯಲ್ಲಿ ಎಷ್ಟು ಅಗಲ ಅಂತ ಹೇಳೋ ಸೈಜಸ್ ಬಿಟ್ಟಿದ್ದೀರಾ ನೋಡಿ. ಬಿಟ್ಟರೆ ಚಿತ್ರ ಪರದೆಯಷ್ಟೇ ಅಗಲ ಅಂತ ಬ್ರೌಸರ್ ಲೆಕ್ಕ ಹಾಕಿ, 180 ಪಿಕ್ಸೆಲ್ ಕಾರ್ಡ್‌ಗೂ ದೊಡ್ಡ ಫೈಲನ್ನೇ ಇಳಿಸಿಕೊಳ್ಳುತ್ತೆ. ಗುರಿ 2.5 ಸೆಕೆಂಡ್, ಅದೂ ನಿಜವಾದ ಬಳಕೆದಾರರ 75ನೇ ಪರ್ಸೆಂಟೈಲ್‌ನಲ್ಲಿ, ಅಂದ್ರೆ ನೂರರಲ್ಲಿ 75 ಭೇಟಿಗಳು ಅಷ್ಟರೊಳಗೆ ಇರಬೇಕು. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ನೋಡುವಾಗ ಸಿಪಿಯು 4 ಪಟ್ಟು ನಿಧಾನ ಮಾಡಿ, ನೆಟ್‌ವರ್ಕ್ ಕೂಡ ತಗ್ಗಿಸಿ ನೋಡಿ.

ಗುಬ್ಬಿಗೂಡು

ಸೈಜಸ್ ಇರಲೇ ಇಲ್ಲ. ಅದನ್ನು ಬರೆದು, ಮೇಲಿನ ಚಿತ್ರದ ಲೇಜಿ ತೆಗೆದ ಮೇಲೆ 2.1ಕ್ಕೆ ಬಂತು.