ತಣ್ಣೀರಿನ ಕಣಿವೆಗೆ ವೆಟ್‌ಸೂಟಾ, ಡ್ರೈಸೂಟಾ? ಬಳಸಿದವರು ಹೇಳಿ

ಹಿಂಜವಡಿಯಿಂದ:

ಎಲ್ಲರಿಗೂ ನಮಸ್ಕಾರ. ನಾವು ಆರು ಜನ ನವೆಂಬರ್‌ನಲ್ಲಿ ನೇಪಾಳಕ್ಕೆ ಹೊರಟಿದ್ದೇವೆ. ಅನ್ನಪೂರ್ಣ ಕಡೆ ಎರಡು ದಿನ ಕ್ಯಾನಿಯನಿಂಗ್ ಇದೆ. ಹಗ್ಗ ಹಿಡಿದು ಜಲಪಾತ ಇಳಿಯುವುದು, ಮಡುಗಳಲ್ಲಿ ಈಜುವುದು, ಬಂಡೆ ಮೇಲೆ ಜಾರುವುದು, ಎಲ್ಲಾ ಸೇರಿ. ಮಳೆಗಾಲದಲ್ಲಿ ಲೋಣಾವಳ, ಕರ್ಜತ್ ಕಡೆ ಜಲಪಾತ ಇಳಿದಿದ್ದೇವೆ, ಸಾಂಧಣ್ ಕಣಿವೆಗೂ ಹೋಗಿ ಬಂದಿದ್ದೇವೆ, ಆದರೆ ಹಿಮಾಲಯದ ನೀರು ನಮಗೆ ಹೊಸದು. ಗೋವಾದಲ್ಲಿ ಡೈವಿಂಗ್ ಕಲಿಯುವಾಗ ತಗೊಂಡ 3 ಮಿ.ಮೀ. ದಪ್ಪದ ವೆಟ್‌ಸೂಟ್, ಅಂದರೆ ಮೈಗೆ ಅಂಟಿಕೊಳ್ಳುವ ರಬ್ಬರ್ ಸೂಟ್, ನನ್ನ ಹತ್ತಿರ ಇದೆ. ಒಬ್ಬರು ಅದೇ ಸಾಕು ಅಂತಾರೆ, ಇನ್ನೊಬ್ಬರು ಒಳಗೆ ನೀರೇ ಬಿಡದ ಡ್ರೈಸೂಟ್ ಇಲ್ಲದೆ ಹೋಗಲೇಬೇಡಿ ಅಂತಾರೆ. ದುಡ್ಡು ಸ್ವಲ್ಪ ಜಾಸ್ತಿ ಆದರೂ ಪರವಾಗಿಲ್ಲ, ತಪ್ಪು ಸಾಮಾನು ತಗೊಂಡು ಅಲ್ಲಿ ಹೋಗಿ ಒದ್ದಾಡಬಾರದು ಅಷ್ಟೆ. ನೀವು ಏನು ಹಾಕಿಕೊಂಡು ಹೋಗಿದ್ದಿರಿ, ಏನಾಯಿತು, ಹೇಳ್ತೀರಾ?

ಕೋಥ್ರೂಡ್‌ನಿಂದ:

ಈಜುವಾಗ ಎಷ್ಟು ಚಳಿ ಆಗುತ್ತದೆ ಅಂತ ಲೆಕ್ಕ ಹಾಕಬೇಡಿ. ಕಾಯುವಾಗ ಎಷ್ಟು ಆಗುತ್ತದೆ ಅಂತ ನೋಡಿ. ಆರು ಜನ ಅಂದ್ರಲ್ಲ, ಒಬ್ಬೊಬ್ಬರು ಇಳಿಯಲು ಐದು ನಿಮಿಷ ಹಿಡಿದರೆ ಮೊದಲು ಇಳಿದವರು ಕೆಳಗೆ ಇಪ್ಪತ್ತೈದು ನಿಮಿಷ ನಿಂತೇ ಇರಬೇಕು. ಮೈ ಒದ್ದೆ, ಮೇಲಿಂದ ತುಂತುರು, ಇಕ್ಕಟ್ಟಿನಲ್ಲಿ ನುಗ್ಗಿ ಬರುವ ಗಾಳಿ, ತಳಕ್ಕೆ ಬಿಸಿಲು ಬೀಳುವುದೇ ಅಪರೂಪ. ಇದೇ ಒಂದೇ ದಿನದಲ್ಲಿ ಆರೇಳು ಸಲ ಆಗುತ್ತದೆ.

ನಾನು ಮೊದಲ ಸಲ ಉತ್ತರಾಖಂಡದ ಒಂದು ಕಣಿವೆಗೆ ಹೋದಾಗ ಗೆಳತಿಯ 5 ಮಿ.ಮೀ. ಸೂಟ್ ಹಾಕಿಕೊಂಡಿದ್ದೆ. ನನಗೆ ಒಂದು ಸೈಜ್ ದೊಡ್ಡದು. ದಪ್ಪ ಇದೆಯಲ್ಲ, ಸಾಕು ಅಂದುಕೊಂಡೆ. ಪ್ರತಿ ಸಲ ಮಡುವಿಗೆ ಇಳಿದಾಗಲೂ ಕುತ್ತಿಗೆಯಿಂದ ಹೊಸ ತಣ್ಣೀರು ನುಗ್ಗಿ ಬೆನ್ನಿನ ಉದ್ದಕ್ಕೂ ಸೊಂಟದ ತನಕ ಹರಿಯುತ್ತಿತ್ತು. ನಾಲ್ಕನೇ ಜಲಪಾತದ ಹಗ್ಗ ನೇರವಾಗಿ ಮಡುವಿನಲ್ಲೇ ಮುಗಿಯುತ್ತಿತ್ತು, ಅಲ್ಲಿ ತೇಲಿಕೊಂಡೇ ಹಗ್ಗದಿಂದ ಬಿಡಿಸಿಕೊಳ್ಳಬೇಕು. ಹಗ್ಗಕ್ಕೆ ಸಿಕ್ಕಿಸುವ ಲೋಹದ ಕೊಂಡಿ, ಅಂದರೆ ಕ್ಯಾರಾಬಿನರ್‌ನ ಸ್ಕ್ರೂ ತಿರುಗಿಸಲು ಹೋದೆ, ಆಗಲಿಲ್ಲ. ಹೆಬ್ಬೆರಳು ಸ್ಕ್ರೂ ಮೇಲೆ ಒತ್ತಿ ಬೆಳ್ಳಗಾಗಿರುವುದು ಕಣ್ಣಿಗೆ ಕಾಣುತ್ತಿತ್ತು, ಬೆರಳಿಗೆ ಮಾತ್ರ ಏನೂ ಗೊತ್ತಾಗುತ್ತಿರಲಿಲ್ಲ. ಮೇಲಿಂದ ನೀರು ತಲೆಗೆ ಹೊಡೆಯುತ್ತಿದೆ, ಪ್ರವಾಹ ಹಗ್ಗವನ್ನು ಎಳೆಯುತ್ತಿದೆ. ಜೊತೆಗಿದ್ದವರು ಈಜಿ ಬಂದು ಬಿಚ್ಚಿದರು. ಅವತ್ತು ಅವರು ಹತ್ತಿರ ಇರದಿದ್ದರೆ ಏನಾಗುತ್ತಿತ್ತು ಅಂತ ಈಗಲೂ ಯೋಚನೆ ಬರುತ್ತದೆ. ಚಳಿಗೆ ಮೊದಲು ಸೋಲುವುದು ಬೆರಳು. ಕಣಿವೆಯಲ್ಲಿ ಬೆರಳು ಹೋದರೆ ಹಗ್ಗವೂ ಹೋದ ಹಾಗೆ.

ನೀರು ನಮ್ಮ ಮೈಯ ಶಾಖವನ್ನು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಎಳೆದುಕೊಳ್ಳುತ್ತದೆ. ವೆಟ್‌ಸೂಟ್ ಒಳಗಿನ ನೀರೇ ಬೆಚ್ಚಗಿಡುತ್ತದೆ ಅಂತ ಬಹಳ ಜನ ತಿಳಿದುಕೊಂಡಿದ್ದಾರೆ. ನಿಜವಾಗಿ ಚಳಿ ತಡೆಯುವುದು ನಿಯೋಪ್ರೀನ್ ರಬ್ಬರ್ ಒಳಗಿರುವ ಸಾವಿರಾರು ಸಣ್ಣ ಗಾಳಿಗುಳ್ಳೆಗಳು. 1950ರ ದಶಕದ ಶುರುವಿನಲ್ಲಿ ಬರ್ಕ್ಲಿಯ ಭೌತವಿಜ್ಞಾನಿ ಹ್ಯೂ ಬ್ರಾಡ್ನರ್ ಹಿಡಿದದ್ದು ಇದನ್ನೇ. ಮೈ ಒದ್ದೆಯಾದರೂ ತೊಂದರೆ ಇಲ್ಲ, ಗುಳ್ಳೆ ಇರುವ ಪದರ ಮೈಗೆ ಅಂಟಿಕೊಂಡಿದ್ದರೆ ಸಾಕು ಅಂತ. ಒಳಗೆ ಸೇರಿದ ನೀರು ತೆಳ್ಳಗಿರಬೇಕು, ಅಲ್ಲೇ ಇರಬೇಕು. ಸೂಟ್ ಸಡಿಲ ಇದ್ದರೆ ಅದು ಹೋಗಿ ಬಂದು ಮಾಡುತ್ತದೆ, ಪ್ರತಿ ಸಲ ಹೊಸ ನೀರನ್ನು ಬಿಸಿ ಮಾಡುವ ಕೆಲಸ ನಿಮ್ಮ ಮೈಗೇ ಬೀಳುತ್ತದೆ.

ಹಾಗಾಗಿ ದಪ್ಪಕ್ಕಿಂತ ಮೊದಲು ಅಳತೆ. ಹಾಕಿಕೊಂಡು ಕುಕ್ಕರಗಾಲಲ್ಲಿ ಕೂತು ನೋಡಿ, ಎರಡೂ ಕೈ ಮೇಲೆತ್ತಿ. ಸೊಂಟದ ಹಿಂದಿನ ತಗ್ಗಿನಲ್ಲಿ ಬಟ್ಟೆ ಹಿಡಿ ತುಂಬ ಸಿಕ್ಕಿತು ಅಂದರೆ ಆ ಸೂಟ್ ಬೇಡ. ಕಂಕುಳು, ಕುತ್ತಿಗೆಯ ಹತ್ತಿರವೂ ನೋಡಿ. ಒಣಗಿದಾಗ ಸ್ವಲ್ಪ ಬಿಗಿ ಅನ್ನಿಸಬೇಕು, ಆದರೆ ಪೂರ್ತಿ ಉಸಿರು ಎಳೆಯಲು ಬರಬೇಕು. ಹಾಕಿಕೊಳ್ಳಲು ಕಷ್ಟ ಅನ್ನಿಸಿದರೆ ಪಾದಕ್ಕೆ ಪ್ಲಾಸ್ಟಿಕ್ ಕವರ್ ಸುತ್ತಿ ಕಾಲು ತೂರಿಸಿ, ಸರ್ರನೆ ಹೋಗುತ್ತದೆ.

ದಪ್ಪದ ಬಗ್ಗೆ ನನ್ನ ಲೆಕ್ಕ ಇಷ್ಟು. ನೀರು 18 ಡಿಗ್ರಿಗಿಂತ ಮೇಲಿದ್ದರೆ 3 ಮಿ.ಮೀ. ನಡೆಯುತ್ತದೆ. 10ರಿಂದ 15ರ ಒಳಗೆ ಇದ್ದರೆ 5 ಮಿ.ಮೀ., ಅದೂ ಎರಡು ತುಂಡಿನದು. ಕೆಳಗೆ ತೋಳಿಲ್ಲದ ಮೇಲಂಗಿ ಸೇರಿದ ಪ್ಯಾಂಟ್, ಮೇಲೆ ಜಾಕೆಟ್. ಎದೆ ಹೊಟ್ಟೆಗೆ ಎರಡು ಪದರ ಬಂತು, ಅಂದರೆ 10 ಮಿ.ಮೀ. ಆಯಿತು ಅಲ್ವಾ? ಹತ್ತಿ ಇಳಿಯುವಾಗ ಬೆವರಿದರೆ ಜಾಕೆಟ್ ಬಿಚ್ಚಿ ಸೊಂಟಕ್ಕೆ ಕಟ್ಟಿಕೊಳ್ಳಬಹುದು. ಮಂಡಿ, ಮೊಣಕೈ, ಹಿಂಭಾಗದಲ್ಲಿ ಗಟ್ಟಿ ಬಟ್ಟೆ ಹಾಕಿರುವುದನ್ನೇ ಕೇಳಿ. ಸಮುದ್ರಕ್ಕೆ ಮಾಡಿದ ನುಣುಪು ಮೈಯ ಸೂಟ್ ಗಾಳಿಗೆ ಒಳ್ಳೆಯದು, ಬಂಡೆಗೆ ಉಜ್ಜಿದರೆ ಕಿತ್ತುಬರುತ್ತದೆ.

ಹುಡ್, ಸಾಕ್ಸ್, ಗ್ಲೌಸ್ ಮೂರೂ ನಿಯೋಪ್ರೀನ್‌ದೇ ಇರಲಿ, ಮೂರೂ ನಿಮ್ಮ ಸ್ವಂತದ್ದೇ ಇರಲಿ. ಇವಕ್ಕೆ ಬೇಕಾದ ದುಡ್ಡು ಕಡಿಮೆ, ಉಪಯೋಗ ಬಹಳ. ಕಾಯುವಾಗ ಮೇಲೆ ಹಾಕಿಕೊಳ್ಳಲು ಗಾಳಿ ತಡೆಯುವ ತೆಳು ಜಾಕೆಟ್ ಒಂದು ಚೀಲದಲ್ಲಿ ಇಟ್ಟುಕೊಳ್ಳಿ. ಜೊತೆಗೆ ಫ್ಲಾಸ್ಕ್‌ನಲ್ಲಿ ಸಿಹಿ ಚಹಾ, ಲೋಣಾವಳ ಚಿಕ್ಕಿ. ಹೊಟ್ಟೆ ಖಾಲಿ ಇದ್ದರೆ ಯಾವ ಸೂಟೂ ಕಾಯುವುದಿಲ್ಲ.

ಪಿಂಪ್ರಿಯಿಂದ:

ಅಕ್ಕ ಹೇಳಿದ್ದು ಸರಿ. ನಾನು ಎರಡೂ ಬಳಸಿದ್ದೇನೆ, ಅದಕ್ಕೆ ಡ್ರೈಸೂಟ್ ಬಗ್ಗೆ ಹೇಳುತ್ತೇನೆ.

ಪ್ರಾಜೆಕ್ಟ್ ಮೇಲೆ ಅಮೆರಿಕದಲ್ಲಿದ್ದಾಗ ಯೂಟಾದ ಝಯಾನ್‌ನಲ್ಲಿ ನ್ಯಾರೋಸ್ ಅನ್ನುವ ಕಣಿವೆಯಲ್ಲಿ ಡಿಸೆಂಬರ್‌ನಲ್ಲಿ ನಡೆದೆ. ನದಿಯ ಒಳಗೇ ನಡೆಯುವ ದಾರಿ ಅದು. ಡ್ರೈಸೂಟ್ ಬಾಡಿಗೆಗೆ ಸಿಕ್ಕಿತು. ಒಳಗೆ ಉಣ್ಣೆ, ಫ್ಲೀಸ್ ಹಾಕಿಕೊಂಡು ಗಂಟೆಗಟ್ಟಲೆ ನೀರಲ್ಲಿದ್ದರೂ ಮೈ ಒಣಗಿಯೇ ಇತ್ತು. ಡ್ರೈಸೂಟ್ ತಾನಾಗಿ ಬೆಚ್ಚಗಿಡುವುದಿಲ್ಲ, ನೀರು ತಡೆಯುತ್ತದೆ ಅಷ್ಟೆ. ಚಳಿಗೆ ಒಳಗಿನ ಬಟ್ಟೆಯೇ ಗತಿ.

ಅದೇ ಖುಷಿಯಲ್ಲಿ ಆಮೇಲೆ ಒಂದನ್ನು ಸೆಕೆಂಡ್‌ಹ್ಯಾಂಡ್ ತಗೊಂಡೆ. ಬಂಡೆ ಜಾಸ್ತಿ ಇರುವ ಕಣಿವೆಗೆ ಹಾಕಿಕೊಂಡು ಹೋದೆ. ಕೂತು ಜಾರುವಾಗ ತೊಡೆಯ ಹಿಂದೆ ಬೆರಳುಗುರಿನಷ್ಟು ಹರಿಯಿತು. ಗೊತ್ತಾಗಿದ್ದು ಮುಂದಿನ ಮಡುವಿನಲ್ಲಿ, ಕಾಲು ಭಾರ ಅನ್ನಿಸಿದಾಗ. ಫ್ಲೀಸ್ ನೆನೆದು, ಮಂಡಿಯ ತನಕ ನೀರು ತುಂಬಿ, ದಡ ಹತ್ತಲು ಇಬ್ಬರು ಕೈ ಕೊಡಬೇಕಾಯಿತು. ವೆಟ್‌ಸೂಟ್ ಅಷ್ಟೇ ಹರಿದಿದ್ದರೆ ಆ ದಿನ ಏನೂ ಆಗುತ್ತಿರಲಿಲ್ಲ. ಈ ಒಂದು ಕಾರಣಕ್ಕೇ ಜಾರುವ, ಉಜ್ಜುವ ಕಣಿವೆಗೆ ನಾನು ಡ್ರೈಸೂಟ್ ಒಯ್ಯುವುದಿಲ್ಲ. ನೀರು 8 ಡಿಗ್ರಿಗಿಂತ ಕೆಳಗೆ, ಈಜು ಉದ್ದ, ಬಂಡೆ ನುಣುಪು, ಇಷ್ಟೂ ಇದ್ದರೆ ಮಾತ್ರ ಯೋಚಿಸಿ.

ಹಾಕಿಕೊಂಡ ಮೇಲೆ ಕುಕ್ಕರಗಾಲಲ್ಲಿ ಕೂತು, ಕುತ್ತಿಗೆಯ ಪಟ್ಟಿಗೆ ಬೆರಳು ತೂರಿಸಿ ಒಳಗಿನ ಗಾಳಿ ಬಿಡಬೇಕು. ಇಲ್ಲದಿದ್ದರೆ ಕಾಲಿಗೆ ಗಾಳಿ ಸೇರಿ ತೇಲುವುದು ಕಷ್ಟ. ಕುತ್ತಿಗೆ, ಮಣಿಕಟ್ಟಿನ ಪಟ್ಟಿ ಲೇಟೆಕ್ಸ್‌ದಾಗಿದ್ದರೆ ಬಿಸಿಲು, ಎಣ್ಣೆ, ಸನ್‌ಸ್ಕ್ರೀನ್ ಯಾವುದೂ ಆಗುವುದಿಲ್ಲ. ನನ್ನದು ಏಪ್ರಿಲ್‌ನಲ್ಲಿ ಕಾರಿನ ಡಿಕ್ಕಿಯಲ್ಲಿ ಉಳಿದು, ಜೂನ್‌ನಲ್ಲಿ ತೆಗೆದಾಗ ಪಟ್ಟಿ ಸೀಳು ಬಿಟ್ಟಿತ್ತು.

ಹಿಂಜವಡಿಯಿಂದ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಅಂದರೆ 5 ಮಿ.ಮೀ. ಎರಡು ತುಂಡಿನದು. ಇಲ್ಲಿಂದಲೇ ಕೊಂಡು ಹೋಗಲಾ, ಅಲ್ಲಿ ಬಾಡಿಗೆಗೆ ತಗೊಳ್ಳಲಾ? ನನ್ನ 3 ಮಿ.ಮೀ. ಏನು ಮಾಡಲಿ ಅಕ್ಕ?

ಕೋಥ್ರೂಡ್‌ನಿಂದ:

ಮೊದಲ ಸಲಕ್ಕೆ ಬಾಡಿಗೆಯೇ ಒಳ್ಳೆಯದು. ಆದರೆ ಸೂಟ್ ಇದೆಯಾ ಅಂತ ಮಾತ್ರ ಕೇಳಬೇಡಿ. ಎಷ್ಟು ದಪ್ಪ, ಎಷ್ಟು ತುಂಡು, ಹುಡ್ ಇದೆಯಾ ಅಂತ ಕೇಳಿ, ಆರು ಜನರ ಎತ್ತರ, ಎದೆ, ಸೊಂಟದ ಅಳತೆ ಈಗಲೇ ಕಳಿಸಿ, ಮಂಡಿಯ ಹತ್ತಿರದ ಫೋಟೋ ತರಿಸಿಕೊಳ್ಳಿ. ಅಲ್ಲಿ ಹೋದ ಮೇಲೆ ನಿಮ್ಮ ಸೈಜ್ ಇಲ್ಲ ಅಂದರೆ ಆ ದಿನ ಇಳಿಯಬೇಡಿ. 3 ಮಿ.ಮೀ. ಸಾಂಧಣ್‌ಗೆ ಇಟ್ಟುಕೊಳ್ಳಿ, ಅಲ್ಲಿ ಎದೆಮಟ್ಟದ ನೀರಿಗೆ ಅದು ಸರಿಹೋಗುತ್ತದೆ.

ಮಡುವಿಗೆ ಬಿದ್ದ ತಕ್ಷಣ ಉಸಿರು ಕಟ್ಟಿ ಏದುಸಿರು ಬರುತ್ತದೆ, ಹೆದರಬೇಡಿ, ಒಂದು ನಿಮಿಷದಲ್ಲಿ ತಹಬಂದಿಗೆ ಬರುತ್ತದೆ. ಹಾರುವ ಮೊದಲು ಮುಖಕ್ಕೆ, ಕುತ್ತಿಗೆಗೆ ನೀರು ಚಿಮುಕಿಸಿಕೊಳ್ಳಿ. ಯಾರಾದರೂ ನಡುಗಿ ನಡುಗಿ ಸುಮ್ನೆ ಆಗಿಬಿಟ್ಟರೆ, ಮಾತು ತೊದಲಿದರೆ, ಅಲ್ಲೇ ನಿಲ್ಲಿಸಿ. ಗಾಳಿ ಇಲ್ಲದ ಕಡೆ ಒಯ್ದು ಒದ್ದೆ ಬಟ್ಟೆ ತೆಗೆದು ಒಣ ಬಟ್ಟೆ ಹಾಕಿ, ಸಹಾಯಕ್ಕೆ ಕರೆಯಿರಿ. ಚಹಾ ಕೊಡುವುದು ಪೂರ್ತಿ ಎಚ್ಚರ ಇದ್ದು ನುಂಗಲು ಬಂದರೆ ಮಾತ್ರ. ಮದ್ಯ ಬೇಡವೇ ಬೇಡ.

ಇನ್ನೊಂದು, ಇದನ್ನು ಈ ವಾರವೇ ಆರೂ ಜನ ಮಾಡಿ ನೋಡಿ. ಬಕೆಟ್‌ನಲ್ಲಿ ನೀರು, ಐಸ್ ಹಾಕಿ. ಸೊಂಟಕ್ಕೆ ಹಾರ್ನೆಸ್ ಪಟ್ಟಿ, ಹಗ್ಗದಲ್ಲಿ ಇಳಿಯುವ ವೇಗ ಹಿಡಿಯುವ ಡಿಸೆಂಡರ್ ಕಟ್ಟಿಕೊಳ್ಳಿ. ಗ್ಲೌಸ್ ಹಾಕಿದ ಕೈ ಐದು ನಿಮಿಷ ಬಕೆಟ್‌ನಲ್ಲಿಟ್ಟು ತೆಗೆದು, ಕ್ಯಾರಾಬಿನರ್ ಬಿಚ್ಚಿ, ಮತ್ತೆ ಹಾಕಿ. ಯಾರಿಗೆ ಆಗುವುದಿಲ್ಲವೋ ಅವರ ಗ್ಲೌಸ್ ಬದಲಾಯಿಸಿ.